ಮೆತ್ತಗೆ ಇಳಿಸುವ ಕೆಲಸ

ಆರನೇ ಹಡಗೂ ಒಡೆದುಕೊಂಡೆ.
ಹಸಿರು ಆಕಾಶದ ಗ್ರಹ, ಹೆಸರಿಲ್ಲದ್ದು,
ಮೊದಲು ಮುಟ್ಟಿದವರೇ ಹೆಸರಿಡಬೇಕು, ಅದು ಆಟದ ನೇಮ.
ಮುಟ್ಟುವುದೇನೋ ಮುಟ್ಟಿದೆ,
ಹೆಸರಿಡಲು ನಾನೇ ಉಳಿಯಲಿಲ್ಲ.

ಆಟದಲ್ಲಿ ನಾನು ಹುಲಿ.
ಮನೆಯಲ್ಲಿ ಹುಲಿಗೆಮ್ಮ, ಅಜ್ಜಿಯ ಹೆಸರು,
ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಹಿಂದಿನ ಬೆಂಚು ನಗುತ್ತದೆ.
ಹಟ್ಟಿ ಕ್ಯಾಂಪಿನ ಎರಡು ಕೋಣೆಯ ಕ್ವಾರ್ಟರ್ಸು,
ಲಿಂಗಸುಗೂರಿನ ಝೆರಾಕ್ಸ್ ಅಂಗಡಿ ಮಾರಿದ ಹಳೇ ಕಂಪ್ಯೂಟರು;
ಪಕ್ಕದ ತಗಡು ಬಿಚ್ಚಿಟ್ಟು
ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿದರೆ ಮಾತ್ರ ಉಸಿರಾಡುತ್ತದೆ.
ಅದರೊಳಗೆ ಎಷ್ಟೋ ಕೋಟಿ ಸೂರ್ಯರು!
ಬಡ ಯಂತ್ರ, ಒಮ್ಮೆಗೇ ತೋರಿಸಲಾರದು.
ಹತ್ತಿರ ಹೋದ ಮೇಲೆ ಬೆಟ್ಟ ಹುಟ್ಟುತ್ತದೆ,
ಬೆಟ್ಟದ ಮೇಲೆ ತಡವಾಗಿ ಕಲ್ಲು,
ಕಲ್ಲಿಗೆ ಇನ್ನೂ ತಡವಾಗಿ ನೆರಳು.

ಯಾರೂ ಹೋಗದ ಗ್ರಹ ಇನ್ನೂ ಇಲ್ಲವೇ ಇಲ್ಲವಂತೆ.
ಒಂದು ಅಂಕಿ ಇದೆ, ಅಷ್ಟೇ.
ನೀವು ಹೋದಿರಿ ಅನ್ನಿ, ಅಂಕಿ ಬಿಚ್ಚಿಕೊಂಡು
ಕಡಲಾಗುತ್ತದೆ, ಕೊಂಬಿನ ಪ್ರಾಣಿಯಾಗುತ್ತದೆ;
ಬೆನ್ನು ತಿರುಗಿಸಿದಿರಿ, ಮತ್ತೆ ಅಂಕಿ.
ಇದನ್ನು ಅಪ್ಪನಿಗೆ ಹೇಳಿದೆ.
ಗುರೆಳ್ಳು ಪುಡಿಗೆ ರೊಟ್ಟಿ ಒತ್ತುತ್ತ
"ನಮ್ಮ ಗಣೀನೂ ಹಂಗ ಅದ" ಅಂದ.

ಅಪ್ಪ, ಹುಸೇನಪ್ಪ, ವೈಂಡಿಂಗ್ ಡ್ರೈವರು.
ಮೂವತ್ತೊಂದು ವರ್ಷ ಒಂದೇ ಕುರ್ಚಿ,
ಎಡಗೈಗೆ ಬ್ರೇಕು, ಬಲಗೈಗೆ ಲಿವರು,
ಎದುರಿಗೆ ಗಂಗಾಳದಗಲದ ಡಯಲು, ಅದಕ್ಕೊಂದು ಮುಳ್ಳು.
ಗಂಟೆ ಬಡಿದರೆ ಪಂಜರ ಇಳಿಸುತ್ತಾನೆ,
ಗಂಟೆ ಬಡಿದರೆ ಎತ್ತುತ್ತಾನೆ.
ತಾನು ಕೆಳಗಿಳಿದದ್ದು ಒಮ್ಮೆ, ಕೆಲಸಕ್ಕೆ ಸೇರಿದ ವಾರ,
ಆಗಲೂ ಕಣ್ಣು ಮುಚ್ಚಿಕೊಂಡಿದ್ದನಂತೆ.
ಅಲ್ಲಿ ಏನೇನದ ಅಂತ ಕೇಳಿದರೆ
"ನಾ ಮುಳ್ಳು ನೋಡೀನಿ."

ಇವತ್ತು ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಲಿಲ್ಲ.
ನನ್ನ ಹಿಂದೆ ನಿಂತ, ಗ್ರೀಸಿನ ವಾಸನೆ ಸಮೇತ.
ಏಳನೇ ಹಡಗು ಗಾಳಿಗೆ ಉಜ್ಜಿ ಕೆಂಪಾಗುತ್ತಿತ್ತು.
"ಒಳಗ ಎಷ್ಟು ಮಂದಿ ಅದಾರ?"
"ನಾ ಒಬ್ಬಾಕೀನ."
"ಒಬ್ಬಾಕಿ ಇದ್ದರೂ ಮಂದೀನ. ಸರಿ ಅತ್ಲಾಗ."

ಕುಳಿತ.
ಎರಡು ಗುಂಡಿಗಳ ಮೇಲೆ ಎರಡು ಬೆರಳು,
ಬಿಡುವುದೊಂದು, ಹಿಡಿಯುವುದೊಂದು;
ಉಳಿದ ನೂರು ಗುಂಡಿಗಳ ಗೊಡವೆಗೆ ಹೋಗಲಿಲ್ಲ.
ಗಾಜಿನ ತುಂಬ ಉಂಗುರ ತೊಟ್ಟ ಚಂದ್ರ ಏಳುತ್ತಿದ್ದ,
ಮೂರು ರಾತ್ರಿ ನಾನು ಅವನಿಗಾಗಿ ಕಾದಿದ್ದೆ.
ಅಪ್ಪ ನೋಡಲಿಲ್ಲ.
ಮೂಲೆಯಲ್ಲಿ ಎತ್ತರ ತೋರಿಸುವ ಇರುವೆಯಷ್ಟು ಅಂಕಿ,
ನಾನು ಒಮ್ಮೆಯೂ ಓದದ್ದು,
ಅದರಲ್ಲಿ ಕಣ್ಣು ನೆಟ್ಟ.

ಒಂಬೈನೂರು. ಆರುನೂರು.
"ಈಗ ಹಗ್ಗ ಭಾರ ಆಗ್ತದ,"
ಹಗ್ಗವೇ ಇಲ್ಲದ ಆ ಆಕಾಶದಲ್ಲಿ.
ಇನ್ನೂರು.
"ಇಲ್ಲಿ ಎಲ್ಲಾರೂ ಮಾತು ನಿಲ್ಲಸ್ತಾರ."
ಎಂಬತ್ತು.
"ಇಲ್ಲಿ ಯಂಕೋಬ ಕೆಮ್ಮತಾನ."
ನಿನಗೆ ಕೇಳಿಸುತ್ತದಾ ಅಪ್ಪಾ, ಅಷ್ಟು ಮೇಲೆ?
"ಎಲ್ಲಿ ಕೇಳಸ್ತದ. ಗೊತ್ತು."
ಹತ್ತು. ಆರು.
ಮೊಣಕಾಲಿಗೆ ಗೊತ್ತಾಗಬಾರದು ನೆಲ ಬಂದದ್ದು,
ಆ ಕೆಲಸಕ್ಕೆ ಇರುವುದು ಇದೊಂದೇ ಪಾಠ.
ಮೂರು. ಎರಡು.
ಧೂಳೂ ಏಳಲಿಲ್ಲ.

ಬಾಗಿಲು ತೆರೆಯಿತು. ಅವನು ಕುರ್ಚಿ ಬಿಡಲಿಲ್ಲ,
ನಾನೇ ಪಕ್ಕದಿಂದ ಕೈ ಚಾಚಿ ಇಳಿದು ನಡೆದೆ.
ಬೂದು ಮಣ್ಣು, ನಮ್ಮ ಕ್ಯಾಂಪಿನ ಹಿಂದೆ
ಚಿನ್ನ ಸೋಸಿ ಸುರಿದ ದಿಬ್ಬದ ಬಣ್ಣವೇ.
ದೂರದಲ್ಲಿ ಒಂದು ಪ್ರಾಣಿ ಮೇಯುತ್ತಿತ್ತು,
ತಲೆ ಇನ್ನೂ ಬಂದಿರಲಿಲ್ಲ.
ಹೆಸರು ಕೊಡು ಅಂತ ಖಾಲಿ ಚೌಕವೊಂದು ಮಿಣುಕಿತು.
ಆಮೇಲೆ ಕೊಟ್ಟರಾಯಿತು ಅಂತ ಇನ್ನೂ ದೂರ ನಡೆದೆ,
ಹಡಗು ಬೆರಳಷ್ಟಾಗುವವರೆಗೆ.

ನೆಲದಡಿಯಲ್ಲೆಲ್ಲೋ ಮದ್ದು ಸಿಡಿಯಿತು,
ಕಪಾಟಿನ ತಾಟುಗಳು ಸಣ್ಣಗೆ ನಡುಗಿ ಸುಮ್ಮನಾದವು.
"ಅಪ್ಪಾ, ಮಕ್ಕೋ ಹೋಗು. ಎಂಟು ಹೊಡೀತು."
"ಹೆಂಗ ಮಕ್ಕೊಳ್ಳಿ?
ನೀ ಇನ್ನೂ ಕೆಳಗ ಇದ್ದಿ."
ಎರಡು ಬೆರಳು ಎರಡು ಗುಂಡಿಗಳ ಮೇಲೆ ಹಾಗೇ,
ಕಿವಿ ಮಾತ್ರ
ಎಲ್ಲಿಯದೋ ಗಂಟೆಗೆ.